ಕಾವಲೂರಿನ ಗುಮ್ಮಟ ಮತ್ತು ಡಾ. ವೈನು ಬಾಪು

ಹೊಸೂರಿನಿಂದ ಕೃಷ್ಣಗಿರಿಗೆ, ಅಲ್ಲಿಂದ ಬರಗೂರು ಮಾರ್ಗವಾಗಿ ತಿರುಪತ್ತೂರಿಗೆ ಹೋದರೆ ಪೂರ್ವದ ಕಡೆ ಸಾಲಾಗಿ ನಿಂತ ಬೆಟ್ಟಗಳು ಕಾಣುತ್ತವೆ. ಅವೇ ಜವ್ವಾದಿ ಬೆಟ್ಟಗಳು. ಆ ಬೆಟ್ಟಗಳ ನಡುವೆ ಕಾವಲೂರು ಎಂಬ ಚಿಕ್ಕ ಹಳ್ಳಿಯಿದೆ. ಕಾವಲು ಎಂಬ ಮಾತು ತಮಿಳಿನಲ್ಲೂ ಕನ್ನಡದಲ್ಲೂ ಒಂದೇ ಅರ್ಥದ್ದು. 1968ರಿಂದ ಈ ಊರು ರಾತ್ರಿಯ ಆಕಾಶಕ್ಕೆ ಕಾವಲು ಕುಳಿತಿದೆ. ಹಗಲು ಮುಚ್ಚಿಕೊಂಡಿದ್ದು ಇರುಳಾದ ಮೇಲೆ ತೆರೆದುಕೊಳ್ಳುವ ದೊಡ್ಡ ಗುಮ್ಮಟವೊಂದು ಅಲ್ಲಿದೆ. ಅದರ ಮೇಲೆ ಒಬ್ಬರ ಹೆಸರಿದೆ. ಆ ಹೆಸರಿನವರು ಆ ಗುಮ್ಮಟವನ್ನು ಮನಸ್ಸಿನಲ್ಲಿ ಕಟ್ಟಿದರು, ಕಾಗದದ ಮೇಲೆ ಕಟ್ಟಿಸಿದರು, ಕೆಲಸವನ್ನೂ ಆರಂಭಿಸಿದರು. ಆದರೆ ಅದು ಪೂರ್ಣವಾಗಿ ಕಣ್ಣು ತೆರೆದುದನ್ನು ನೋಡಲು ಅವರು ಇರಲಿಲ್ಲ. ಅವರೇ ಡಾ. ವೈನು ಬಾಪು. ನಮ್ಮ ನೆರೆಯಲ್ಲೇ ಇಷ್ಟು ದೊಡ್ಡ ಕೆಲಸ ಮಾಡಿದ ಆ ಮಹನೀಯರ ಜೀವನವನ್ನು ನಮ್ಮ ಶಾಲೆಯ ಮಕ್ಕಳು ತಿಳಿದಿರಬೇಕು.

ಆಕಾಶಕ್ಕಾಗಿ ಕಟ್ಟಿದ ಕಟ್ಟಡಗಳು

ಆಕಾಶವನ್ನು ನೋಡಿ ಕಟ್ಟಡ ಕಟ್ಟುವುದು ನಮ್ಮ ನಾಡಿಗೆ ಹೊಸದಲ್ಲ. ಶೃಂಗೇರಿಯ ವಿದ್ಯಾಶಂಕರ ದೇವಾಲಯಕ್ಕೆ ಹೋದವರು ಅಲ್ಲಿಯ 12 ರಾಶಿಸ್ತಂಭಗಳನ್ನು ನೋಡಿರಬಹುದು. ಒಂದೊಂದು ಕಂಬದಲ್ಲಿ ಒಂದೊಂದು ರಾಶಿಯ ಗುರುತನ್ನು ಶಿಲ್ಪಿಗಳು ಕೆತ್ತಿದ್ದಾರೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ಗುಹೆಯೊಳಗೆ ಬರುವುದನ್ನು ನೋಡಲು ಜನ ಸೇರುತ್ತಾರೆ. ಜಯಪುರದ ಮಹಾರಾಜ ಸವಾಯಿ ಜಯಸಿಂಹ (1688–1743) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಟ್ಟಡವನ್ನೇ ಯಂತ್ರವನ್ನಾಗಿ ಮಾಡಿದನು. ಅವನ ಜಂತರ್ ಮಂತರ್‌ನಲ್ಲಿರುವ ಸಾಮ್ರಾಟ ಯಂತ್ರವು ಸುಮಾರು 27 ಮೀಟರ್ ಎತ್ತರದ ನೆರಳು ಗಡಿಯಾರ. ಅದರ ಓರೆಗೋಡೆ ನೆಲದಿಂದ 27 ಡಿಗ್ರಿ ಕೋನದಲ್ಲಿ ಏರುತ್ತದೆ. ಜಯಪುರದ ಅಕ್ಷಾಂಶವೂ ಸುಮಾರು 27 ಡಿಗ್ರಿಯೇ. ಹೀಗಿದ್ದರೆ ಮಾತ್ರ ಗೋಡೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತು ನೆರಳು ಸರಿಯಾದ ಹೊತ್ತನ್ನು ತೋರಿಸುತ್ತದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಕಾವಲೂರಿಗೆ ಬಂದಾಗ ಇದು ಮತ್ತೆ ಬರುತ್ತದೆ.

ಮದರಾಸಿನ ನುಂಗಂಬಾಕ್ಕಂನಲ್ಲಿ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯ ಸಿದ್ಧವಾಯಿತು. ಅಲ್ಲಿ ಯಂತ್ರವನ್ನಿಡಲು ನಿಲ್ಲಿಸಿದ ಕಲ್ಲುಕಂಬದ ಮೇಲೆ, ಸಾವಿರ ವರ್ಷದ ನಂತರದವರೂ ಓದಲಿ ಎಂಬ ಆಶಯದಿಂದ ತಮಿಳು, ತೆಲುಗು ಮೊದಲಾದ ಭಾಷೆಗಳಲ್ಲಿ ಬರಹ ಕೆತ್ತಿಸಿದರು. 1899ರಲ್ಲಿ ಈ ವೀಕ್ಷಣಾಲಯದ ಕೆಲಸ ಕೊಡೈಕನಾಲ್ ಬೆಟ್ಟಕ್ಕೆ ಸ್ಥಳಾಂತರವಾಯಿತು. ಅರವತ್ತು ವರ್ಷಗಳ ಬಳಿಕ ಆ ಪರಂಪರೆಯ ಹೊಣೆ ವೈನು ಬಾಪು ಅವರ ಹೆಗಲಿಗೆ ಬಂತು.

ತಂದೆಯ ದಾರಿ

ಮನಾಲಿ ಕಲ್ಲಾಟ್ ವೈನು ಬಾಪು ಅವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಮನೆತನ ಕೇರಳದ ತಲಶ್ಶೇರಿಯದು. ತಂದೆ ಮನಾಲಿ ಕುಕುಳಿ ಬಾಪು. ಅವರಿಗೆ ವೈನು ಒಬ್ಬನೇ ಮಗ. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಬೇರೆ ಮಕ್ಕಳ ತಂದೆಯರು ಬೆಳಿಗ್ಗೆ ಕಚೇರಿಗೆ ಹೋಗಿ ಸಂಜೆ ಮನೆಗೆ ಬರುತ್ತಿದ್ದರೆ, ಈ ತಂದೆಯ ಕೆಲಸ ಕತ್ತಲಾದ ಮೇಲೆ. ಹೀಗಾಗಿ ದೂರದರ್ಶಕ, ನಕ್ಷತ್ರಪಟ, ಗಡಿಯಾರ ಇವುಗಳ ನಡುವೆಯೇ ಬಾಲಕ ಬೆಳೆದನು.

ವೈನು ಪುಸ್ತಕದ ಹುಳುವಾಗಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲೂ ಆಟೋಟಗಳಲ್ಲೂ ಮುಂದಿದ್ದನು. ಆದರೆ ಮನಸ್ಸು ಮಾತ್ರ ಆಕಾಶದಲ್ಲಿ ನೆಟ್ಟಿತ್ತು. ಬೆಳಕು ಏರುತ್ತಾ ಇಳಿಯುತ್ತಾ ಇರುವ ಕೆಲವು ನಕ್ಷತ್ರಗಳಿವೆ. ಅವುಗಳನ್ನು ಚರಕಾಂತಿ ನಕ್ಷತ್ರಗಳು ಎನ್ನುತ್ತಾರೆ. ಇಂಥ ನಕ್ಷತ್ರಗಳನ್ನು ರಾತ್ರಿಗಳುದ್ದಕ್ಕೂ ಗಮನಿಸಿ ಬರೆದ ಲೇಖನಗಳು ಅವರು ಇನ್ನೂ ಹೈದರಾಬಾದಿನ ನಿಜಾಮ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ, 1946ರಲ್ಲಿ, ಅಚ್ಚಾದವು. ಆಗ ಅವರಿಗೆ 19 ವರ್ಷ. ಮುಂದೆ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಹಾರ್ವರ್ಡಿನಲ್ಲಿ ಧೂಮಕೇತು

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ 1949ರಲ್ಲಿ ಬಾಪು ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಕೆಲವೇ ತಿಂಗಳು ಕಳೆದಿದ್ದವು. ಜುಲೈ 2ರ ರಾತ್ರಿ ತೆಗೆದ ಆಕಾಶದ ಛಾಯಾಚಿತ್ರವನ್ನು ಪರಿಶೀಲಿಸುತ್ತಿದ್ದಾಗ, ಚುಕ್ಕೆಗಳಂತೆ ಕಾಣಬೇಕಾದ ನಕ್ಷತ್ರಗಳ ನಡುವೆ ಮಸುಕಾದ ಗುರುತೊಂದು ಅವರ ಕಣ್ಣಿಗೆ ಬಿತ್ತು. ಹೆಚ್ಚಿನವರು ಗಾಜಿನ ಫಲಕದ ದೋಷವೆಂದು ಬಿಟ್ಟುಬಿಡುತ್ತಿದ್ದರೇನೋ. ಬಾಪು ಬಿಡಲಿಲ್ಲ. ಅಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ಜೊತೆ ಸೇರಿ ಅದು ಹೊಸ ಧೂಮಕೇತು ಎಂದು ಖಚಿತಪಡಿಸಿದರು. ಅದಕ್ಕೆ ಬಾಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂದು ಮೂವರ ಹೆಸರನ್ನೂ ಇಟ್ಟರು. ಈ ಸಂಶೋಧನೆಗಾಗಿ ಪೆಸಿಫಿಕ್ ಖಗೋಳ ಸಂಘವು ಅವರಿಗೆ ಡೊನೊಹೊ ಪದಕವನ್ನು ಕೊಟ್ಟಿತು. ಆ ಧೂಮಕೇತು ಮತ್ತೆ ಸೂರ್ಯನ ಬಳಿಗೆ ಬರಲು ಸುಮಾರು 60 ಸಾವಿರ ವರ್ಷ ಬೇಕೆಂದು ಲೆಕ್ಕ ಹಾಕಿದ್ದಾರೆ.

1952ರಲ್ಲಿ ಡಾಕ್ಟರೇಟ್ ಪದವಿ ಬಂತು. ನಂತರ ಕಾರ್ನೆಗಿ ಫೆಲೋಶಿಪ್ ಪಡೆದು ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಪಾಲೊಮಾರ್‌ನ 200 ಅಂಗುಲದ ದೂರದರ್ಶಕ ಅಂದಿಗೆ ಪ್ರಪಂಚದಲ್ಲೇ ದೊಡ್ಡದು. ಅಲ್ಲಿ ಓಲಿನ್ ವಿಲ್ಸನ್ ಅವರ ಜೊತೆ ಮಾಡಿದ ಕೆಲಸ ಖಗೋಳಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಸ್ಥಿರವಾಗಿ ನಿಂತಿದೆ.

ಅದನ್ನು ಮಕ್ಕಳಿಗೆ ಅರ್ಥವಾಗುವಂತೆ ಹೇಳಬಹುದು. ಕತ್ತಲೆಯಲ್ಲಿ ದೂರದಲ್ಲೊಂದು ಮಂಕಾದ ದೀಪ ಕಾಣುತ್ತದೆ ಎನ್ನಿ. ಅದು ಹತ್ತಿರದ ಸಣ್ಣ ಹಣತೆಯೋ, ದೂರದ ದೊಡ್ಡ ವಿದ್ಯುದ್ದೀಪವೋ? ಬರಿಗಣ್ಣಿನಿಂದ ನೋಡಿ ಹೇಳಲಾಗದು. ನಕ್ಷತ್ರಗಳ ವಿಷಯದಲ್ಲೂ ಇದೇ ತೊಡಕು. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಹರಡಿ ನೋಡಿದರೆ ರೋಹಿತ ಸಿಗುತ್ತದೆ. ಅದರಲ್ಲಿ ಬೇರೆ ಬೇರೆ ಮೂಲವಸ್ತುಗಳ ಗೆರೆಗಳಿರುತ್ತವೆ. ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಒಂದು ಗೆರೆಯ ನಡುವೆ ಕಾಣುವ ಹೊಳಪಿನ ಅಗಲಕ್ಕೂ ಆ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ನೇರ ಸಂಬಂಧವಿದೆ ಎಂದು ಇವರಿಬ್ಬರು ತೋರಿಸಿದರು. ಗೆರೆ ಅಗಲವಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶದ್ದು. ನಿಜವಾದ ಪ್ರಕಾಶ ತಿಳಿದರೆ ದೂರವನ್ನು ಲೆಕ್ಕ ಹಾಕಬಹುದು. 1957ರಲ್ಲಿ ಪ್ರಕಟವಾದ ಈ ಸಂಗತಿಗೆ ವಿಲ್ಸನ್–ಬಾಪು ಪರಿಣಾಮ ಎಂದು ಹೆಸರು.

ಮರಳಿ ತಾಯ್ನಾಡಿಗೆ

ಬಾಪು ಅವರ ಜೀವನದ ಮುಖ್ಯವಾದ ತೀರ್ಮಾನ ಇಲ್ಲಿದೆ. ಪ್ರಪಂಚದ ಅತ್ಯುತ್ತಮ ದೂರದರ್ಶಕದಲ್ಲಿ ಕೆಲಸ ಮಾಡಿದ ಯುವಕನಿಗೆ ಅಲ್ಲೇ ಉಳಿಯುವುದು ಸುಲಭವಾದ ದಾರಿ. ಆಗಿನ ಭಾರತದಲ್ಲಿ ನಕ್ಷತ್ರಗಳ ಸಂಶೋಧನೆಗೆ ತಕ್ಕ ದೊಡ್ಡ ಆಧುನಿಕ ದೂರದರ್ಶಕ ಒಂದೂ ಇರಲಿಲ್ಲ. ಆದರೂ 1953ರಲ್ಲಿ ಅವರು ಹಿಂತಿರುಗಿದರು. 1954ರಲ್ಲಿ ವಾರಣಾಸಿಯಲ್ಲಿ ಉತ್ತರ ಪ್ರದೇಶ ಸರ್ಕಾರದ ವೀಕ್ಷಣಾಲಯದ ಹೊಣೆ ಹೊತ್ತರು. ಬಯಲಿನ ಧೂಳು ಮತ್ತು ಮಂಜಿನಲ್ಲಿ ಒಳ್ಳೆಯ ವೀಕ್ಷಣೆ ಸಾಧ್ಯವಿಲ್ಲವೆಂದು ಕಂಡು, ಮರುವರ್ಷವೇ ಅದನ್ನು ಹಿಮಾಲಯದ ಮಡಿಲಿನ ನೈನಿತಾಲಿಗೆ ಸಾಗಿಸಿದರು. ಇಂದು ಅಲ್ಲಿ ಬೆಳೆದಿರುವ ದೊಡ್ಡ ಸಂಸ್ಥೆಯ ಮೊದಲ ಕೆಲಸಗಳು ಅವರ ಕಾಲದವು.

1960ರಲ್ಲಿ, 33ನೆಯ ವಯಸ್ಸಿನಲ್ಲಿ, ಅವರು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಕೊಡೈಕನಾಲ್ ಸೂರ್ಯನ ಅಧ್ಯಯನಕ್ಕೆ ಪ್ರಸಿದ್ಧವಾದ ಸ್ಥಳ. ಆದರೆ ಅಲ್ಲಿ ರಾತ್ರಿ ಮೋಡ ಹೆಚ್ಚು. ನಕ್ಷತ್ರಗಳಿಗೆ ಬೇರೆ ಬೆಟ್ಟವೇ ಬೇಕು. ದಕ್ಷಿಣದಲ್ಲಿ ತಕ್ಕ ಸ್ಥಳಕ್ಕಾಗಿ ಹುಡುಕಾಟ ಆರಂಭವಾಯಿತು.

ಕಾವಲೂರು ಏಕೆ?

ವೀಕ್ಷಣಾಲಯಕ್ಕೆ ಜಾಗ ಆರಿಸುವುದು ಮನೆಗೆ ನಿವೇಶನ ನೋಡಿದಂತಲ್ಲ. ಮೊದಲು ಕತ್ತಲು ಬೇಕು. ಪಟ್ಟಣದ ದೀಪಗಳ ಬೆಳಕು ಆಕಾಶಕ್ಕೆ ಹರಡಿದರೆ ಮಂಕಾದ ನಕ್ಷತ್ರಗಳು ಅಳಿಸಿಹೋಗುತ್ತವೆ. ಎರಡನೆಯದಾಗಿ ಗಾಳಿ ನಿಶ್ಚಲವಾಗಿರಬೇಕು. ಒಲೆಯ ಮೇಲಿನ ಬಿಸಿಗಾಳಿಯ ಆಚೆ ಕಾಣುವ ವಸ್ತು ನಡುಗಿದಂತೆ ಕಾಣುವುದಿಲ್ಲವೇ? ಗಾಳಿ ಕದಡಿದರೆ ನಕ್ಷತ್ರವೂ ಹಾಗೆಯೇ ನಡುಗುತ್ತದೆ. ಮೂರನೆಯದಾಗಿ ಮೋಡವಿಲ್ಲದ ರಾತ್ರಿಗಳು ಸಾಕಷ್ಟು ಇರಬೇಕು. ಇವಕ್ಕೆಲ್ಲ ಹೊಂದುವ ಸ್ಥಳವಾಗಿ ಜವ್ವಾದಿ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದ ಕಾವಲೂರು ಸಿಕ್ಕಿತು.

ಇದಕ್ಕೆ ಇನ್ನೊಂದು ಅನುಕೂಲವಿತ್ತು. ಕಾವಲೂರಿನ ಅಕ್ಷಾಂಶ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ. ಭೂಮಧ್ಯರೇಖೆಗೆ ಹತ್ತಿರವಾದುದರಿಂದ ಉತ್ತರದ ಆಕಾಶದ ಜೊತೆಗೆ ದಕ್ಷಿಣದ ಆಕಾಶದ ಬಹುಭಾಗವೂ ಕಾಣುತ್ತದೆ. ಯುರೋಪಿನ ದೊಡ್ಡ ವೀಕ್ಷಣಾಲಯಗಳಿಗೆ ಎಂದೂ ಉದಯಿಸದ ನಕ್ಷತ್ರಗಳು ಇಲ್ಲಿ ದಿನವೂ ಉದಯಿಸುತ್ತವೆ.

ಸುಮಾರು 100 ಎಕರೆ ಅರಣ್ಯಭೂಮಿಯಲ್ಲಿ ಕೆಲಸ ಆರಂಭವಾಯಿತು. ಹಾವು ಚೇಳುಗಳಿರುವ ಕಾಡು ಅದು. 1968ರಲ್ಲಿ ಮೊದಲು ಅಲ್ಲಿ ನಿಂತದ್ದು ಕೇವಲ 38 ಸೆಂಟಿಮೀಟರ್ ವ್ಯಾಸದ ದೂರದರ್ಶಕ. ಕೊಡೈಕನಾಲ್‌ನಲ್ಲಿ ತಮ್ಮವರ ಕೈಯಿಂದಲೇ ಮಾಡಿದ್ದು. ಕಣ್ಣೆದುರಿಗೆ 200 ಅಂಗುಲದ ದೂರದರ್ಶಕವನ್ನು ಬಳಸಿ ಬಂದಿದ್ದವರು 15 ಅಂಗುಲದ ಸಲಕರಣೆಯಿಂದ ಮತ್ತೆ ಮೊದಲಿನಿಂದ ಪ್ರಾರಂಭಿಸಿದರು. ಅದರಲ್ಲಿ ಅವರಿಗೆ ಕೀಳರಿಮೆ ಕಾಣಲಿಲ್ಲ.

1972ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಕಂಪನಿಯ ಒಂದು ಮೀಟರ್ ದೂರದರ್ಶಕ ಬಂತು. ಅದು ಬಂದ ವರ್ಷವೇ ಗುರುಗ್ರಹದ ಉಪಗ್ರಹವಾದ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದ ಅಪರೂಪದ ಘಟನೆಯನ್ನು ದಾಖಲಿಸಿದರು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ನಕ್ಷತ್ರವೊಂದರ ಮುಂದೆ ಹಾದುಹೋಯಿತು. ಗ್ರಹದ ಬಳಿಗೆ ಬರುವ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಂದಿತು. ಯುರೇನಸ್‌ಗೂ ಉಂಗುರಗಳಿವೆ ಎಂದು ಪ್ರಪಂಚಕ್ಕೆ ತಿಳಿದದ್ದು ಅಂದು. ಅದನ್ನು ದಾಖಲಿಸಿದ ಕೆಲವೇ ಸ್ಥಳಗಳಲ್ಲಿ ನಮ್ಮ ನೆರೆಯ ಕಾವಲೂರು ಒಂದು.

ಈ ನಡುವೆ 1971ರಲ್ಲಿ ಕೊಡೈಕನಾಲ್ ಮತ್ತು ಕಾವಲೂರುಗಳು ಸೇರಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಎಂಬ ಸ್ವತಂತ್ರ ಸಂಸ್ಥೆಯಾಯಿತು. ಬಾಪು ಅದರ ಮೊದಲ ನಿರ್ದೇಶಕರು. ಕೆಲವು ವರ್ಷಗಳಲ್ಲಿ ಅದರ ಕೇಂದ್ರ ಬೆಂಗಳೂರಿಗೆ ಬಂದು ಕೋರಮಂಗಲದಲ್ಲಿ ನೆಲೆಗೊಂಡಿತು. 1980ರ ಫೆಬ್ರವರಿ 16ರಂದು ಕರ್ನಾಟಕದ ಮೇಲೆ ಸಂಪೂರ್ಣ ಸೂರ್ಯಗ್ರಹಣ ಹಾದುಹೋದಾಗ ಬಹಳಷ್ಟು ಜನ ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಕುಳಿತಿದ್ದರು. ಬಾಪು ಅವರ ಸಂಸ್ಥೆಯವರಾದರೋ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ ಯಂತ್ರಗಳನ್ನು ಸೂರ್ಯನ ಕಡೆ ತಿರುಗಿಸಿ ಕಾದಿದ್ದರು.

ದೊಡ್ಡ ಕನಸು

ಬಾಪು ಅವರ ಮನಸ್ಸಿನಲ್ಲಿ ಅದಕ್ಕಿಂತ ದೊಡ್ಡದೊಂದು ಯೋಜನೆಯಿತ್ತು. ಅದು 234 ಸೆಂಟಿಮೀಟರ್ ವ್ಯಾಸದ ದೂರದರ್ಶಕ. ಅದನ್ನು ವಿದೇಶದಿಂದ ಪೂರ್ತಿಯಾಗಿ ಕೊಂಡುತರಬಹುದಿತ್ತು. ಆದರೆ ಕೊಂಡುತಂದರೆ ಯಂತ್ರ ಬರುತ್ತದೆ, ಯಂತ್ರ ಮಾಡುವ ವಿದ್ಯೆ ಬರುವುದಿಲ್ಲ. ಆದ್ದರಿಂದ ವಿನ್ಯಾಸ, ಲೋಹದ ಕೆಲಸ, ದರ್ಪಣದ ಉಜ್ಜುವಿಕೆ ಎಲ್ಲವೂ ಭಾರತದಲ್ಲೇ ಆಗಬೇಕೆಂದು ಅವರು ನಿಶ್ಚಯಿಸಿದರು. ದಪ್ಪ ಗಾಜಿನ ಬಿಲ್ಲೆ ಮಾತ್ರ ಜರ್ಮನಿಯಿಂದ ಬಂತು. ಬೆಂಗಳೂರಿನಲ್ಲಿ ಸಂಸ್ಥೆಯ ಕುಶಲಕರ್ಮಿಗಳು ಅದನ್ನು ಉಜ್ಜಿ ನಿಮ್ನ ದರ್ಪಣವನ್ನಾಗಿ ಮಾಡಿದರು. ಇಂಥ ದರ್ಪಣದ ಮೇಲ್ಮೈಯಲ್ಲಿ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಏರುಪೇರೂ ಇರಬಾರದು. ಸ್ವಲ್ಪ ಉಜ್ಜಬೇಕು, ತಣಿಯಲು ಬಿಡಬೇಕು, ಅಳೆಯಬೇಕು, ಮತ್ತೆ ಉಜ್ಜಬೇಕು. ಹೀಗೆ ವರ್ಷಗಳೇ ಹಿಡಿಯುವ ಕೆಲಸ. ದೂರದರ್ಶಕದ ಭಾರಿ ಲೋಹದ ಚೌಕಟ್ಟು ಮಹಾರಾಷ್ಟ್ರದ ವಾಲ್ಚಂದ್‌ನಗರದ ಕಾರ್ಖಾನೆಯಲ್ಲಿ ತಯಾರಾಯಿತು.

ಈಗ ಜಯಪುರದ ಓರೆಗೋಡೆಯನ್ನು ನೆನಪಿಸಿಕೊಳ್ಳಿ. ಕಾವಲೂರಿನ ದೂರದರ್ಶಕ ತಿರುಗುವ ಅಕ್ಷವೂ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಆದ್ದರಿಂದ ಅದು ನೆಲದಿಂದ ಹನ್ನೆರಡೂವರೆ ಡಿಗ್ರಿ ಮಾತ್ರ ಎತ್ತಿ ಧ್ರುವನಕ್ಷತ್ರದ ಕಡೆ ಮುಖ ಮಾಡಿದೆ. ಅಕ್ಷದ ಉತ್ತರದ ತುದಿಯಲ್ಲಿ ಕುದುರೆಯ ಲಾಳದ ಆಕಾರದ ಭಾರಿ ಆಧಾರವಿದೆ. ಲಾಳದ ತೆರೆದ ಬಾಯಿಯ ಮೂಲಕ ಧ್ರುವದ ಸಮೀಪದ ಆಕಾಶವನ್ನೂ ನೋಡಬಹುದು. ಭೂಮಿ ಪೂರ್ವಕ್ಕೆ ತಿರುಗಿದಷ್ಟೇ ವೇಗದಲ್ಲಿ ದೂರದರ್ಶಕ ಪಶ್ಚಿಮಕ್ಕೆ ತಿರುಗುತ್ತದೆ. ಆಗ ನಕ್ಷತ್ರ ಗಂಟೆಗಟ್ಟಲೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಹೊಸೂರಿನ ಅಕ್ಷಾಂಶವೂ ಹೆಚ್ಚುಕಡಿಮೆ ಇಷ್ಟೇ. ನಮ್ಮೂರಲ್ಲಿ ಉತ್ತರಕ್ಕೆ ಮುಖ ಮಾಡಿ ಕೈ ಚಾಚಿ ಮುಷ್ಟಿ ಹಿಡಿದರೆ, ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ ಧ್ರುವನಕ್ಷತ್ರ ಇರುತ್ತದೆ. ಕಾವಲೂರಿನ ಯಂತ್ರ ಬಾಗಿರುವುದೂ ಅಷ್ಟೇ.

ಇಂಥ ಯಂತ್ರಕ್ಕೆ ಕಟ್ಟುವ ಮನೆಯೂ ಸಾಧಾರಣವಾದುದಲ್ಲ. ಗುಮ್ಮಟ ಇಡಿಯಾಗಿ ಹಳಿಯ ಮೇಲೆ ಸುತ್ತಬೇಕು. ಅದರ ಸೀಳು ಬಾಗಿಲು ದೂರದರ್ಶಕ ನೋಡುವ ಕಡೆಗೇ ಬರಬೇಕು. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಕಾಯಬಾರದು. ಕಾದರೆ ರಾತ್ರಿ ಬಿಂಬ ನಡುಗುತ್ತದೆ. ಆದ್ದರಿಂದಲೇ ಇಂಥ ಗುಮ್ಮಟಗಳಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳುಪು ಬಣ್ಣ. ದೂರದರ್ಶಕ ನಿಲ್ಲುವ ಕಂಬಕ್ಕೆ ಕಟ್ಟಡದಿಂದ ಬೇರೆಯಾದ ಅಡಿಪಾಯವಿರಬೇಕು, ಇಲ್ಲದಿದ್ದರೆ ಜನ ನಡೆದಾಡಿದ ಅದುರು ನಕ್ಷತ್ರದ ಬಿಂಬವನ್ನೂ ಅಲುಗಿಸುತ್ತದೆ. ಮನುಷ್ಯರ ಅನುಕೂಲಕ್ಕಿಂತ ಆಕಾಶದ ಅನುಕೂಲವನ್ನು ಮೊದಲು ನೋಡಿ ಕಟ್ಟುವ ಕಟ್ಟಡ ಇದು.

ಮುಗಿಯದ ಬಾಳು, ಮುಗಿದ ಕೆಲಸ

ಗೌರವಗಳು ಬಾಪು ಅವರನ್ನು ಹುಡುಕಿಕೊಂಡು ಬಂದವು. 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ. ವಿಜ್ಞಾನದ ಜೊತೆಗೆ ಕಾವ್ಯ, ಚಿತ್ರಕಲೆ, ತೋಟಗಾರಿಕೆಗಳಲ್ಲೂ ಅವರಿಗೆ ಒಳ್ಳೆಯ ಅಭಿರುಚಿಯಿತ್ತು.

1982ರ ಆಗಸ್ಟ್‌ನಲ್ಲಿ ಒಕ್ಕೂಟದ ಮಹಾಸಭೆ ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ನಡೆಯುವುದಿತ್ತು. ಅಧ್ಯಕ್ಷರಾದ ಬಾಪು ಅಲ್ಲಿರಬೇಕಾಗಿತ್ತು. ಆದರೆ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಅವರು ಕೊನೆಯುಸಿರೆಳೆದರು. 55 ವರ್ಷ ತುಂಬಿ ಕೇವಲ ಒಂಬತ್ತು ದಿನಗಳಾಗಿದ್ದವು. ಕಾವಲೂರಿನ ದೊಡ್ಡ ದೂರದರ್ಶಕ ಆಗ ಇನ್ನೂ ಸಿದ್ಧವಾಗಿರಲಿಲ್ಲ.

ಒಬ್ಬರನ್ನೇ ನೆಚ್ಚಿದ ಕೆಲಸವಾಗಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು. ನಿಲ್ಲಲಿಲ್ಲ. ಬಾಪು ಅವರು ಯಂತ್ರದ ಜೊತೆಗೆ ಯಂತ್ರ ಮಾಡುವವರನ್ನೂ ತಯಾರು ಮಾಡಿದ್ದರು. ಅವರ ನಂತರ ನಿರ್ದೇಶಕರಾದ ಜೆ. ಸಿ. ಭಟ್ಟಾಚಾರ್ಯ ಮತ್ತು ಸಂಗಡಿಗರು ಕೆಲಸವನ್ನು ಮುಂದುವರಿಸಿ ಮುಗಿಸಿದರು. 1986ರ ಜನವರಿ 6ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಕಾವಲೂರಿಗೆ ಬಂದು, ವೀಕ್ಷಣಾಲಯಕ್ಕೂ ಆ ದೂರದರ್ಶಕಕ್ಕೂ ವೈನು ಬಾಪು ಅವರ ಹೆಸರಿಟ್ಟರು. ನಮ್ಮ ಕಣ್ಣಿನ ಪಾಪೆಗಿಂತ ಒಂದು ಲಕ್ಷಕ್ಕೂ ಹೆಚ್ಚು ಪಟ್ಟು ಬೆಳಕನ್ನು ಅದು ಸಂಗ್ರಹಿಸುತ್ತದೆ. ಸುಮಾರು 30 ವರ್ಷಗಳ ಕಾಲ ಅದೇ ಭಾರತದ ಅತಿ ದೊಡ್ಡ ದೂರದರ್ಶಕವಾಗಿತ್ತು. 2016ರಲ್ಲಿ ಅದಕ್ಕಿಂತ ದೊಡ್ಡದು ನೈನಿತಾಲಿನ ಬಳಿಯ ದೇವಸ್ಥಲದಲ್ಲಿ ನಿಂತಿತು. ಅದನ್ನು ನಡೆಸುವುದು ಬಾಪು ಅವರು ವಾರಣಾಸಿಯಿಂದ ಬೆಟ್ಟಕ್ಕೆ ಸಾಗಿಸಿದ ಆ ಹಳೆಯ ವೀಕ್ಷಣಾಲಯದಿಂದ ಬೆಳೆದ ಸಂಸ್ಥೆಯೇ.

1988ರಲ್ಲಿ ಕಾವಲೂರಿನಿಂದ ಹೊಸ ಕ್ಷುದ್ರಗ್ರಹವೊಂದನ್ನು ಕಂಡುಹಿಡಿದು ಅದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಟ್ಟರು. ಬಾಪು ಅವರ ಹೆಸರನ್ನೂ ಒಂದು ಕ್ಷುದ್ರಗ್ರಹ ಹೊತ್ತು ಸೂರ್ಯನನ್ನು ಸುತ್ತುತ್ತಿದೆ. ಅದರ ಸಂಖ್ಯೆ 2596.

ಮಕ್ಕಳೇ, ಪೋಷಕರೇ, ಈ ಜೀವನದಿಂದ ನಾವು ತೆಗೆದುಕೊಳ್ಳಬೇಕಾದುದು ಇದು. ಬಾಪು ಅವರು ತಾವು ನೋಡುವುದಕ್ಕಾಗಿ ಮಾತ್ರ ಗುಮ್ಮಟ ಕಟ್ಟಲಿಲ್ಲ. ತಮ್ಮ ನಂತರ ಬರುವವರು ನೋಡಲೆಂದು ಕಟ್ಟಿದರು. ಹಿರಿಯರು ಮಾವಿನ ಸಸಿ ನೆಡುವುದೂ ಹಣ್ಣು ಮೊಮ್ಮಕ್ಕಳಿಗೆ ಸಿಗಲೆಂದೇ. ಕನ್ನಡದಲ್ಲಿ ಓದಿದ ನಮಗೆ ಇಂಥ ವಿಜ್ಞಾನ ಎಟುಕುವುದೇ ಎಂದು ಕೆಲವು ಮಕ್ಕಳು ಕೇಳುವುದುಂಟು. ನಕ್ಷತ್ರದ ಬೆಳಕಿಗೆ ಭಾಷೆಯ ಗಡಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ದುಡಿಯುವ ಮನಸ್ಸು ಮತ್ತು ಕಾಯುವ ತಾಳ್ಮೆ ಇದ್ದರೆ ಅದು ಎಲ್ಲರಿಗೂ ಎಟುಕುತ್ತದೆ. ಹೊಸೂರಿನ ಬೀದಿದೀಪಗಳ ಬೆಳಕಿನಲ್ಲಿ ಈಗ ನಕ್ಷತ್ರಗಳು ಕಡಿಮೆಯೇ ಕಾಣುತ್ತವೆ. ಆದರೆ ಡೆಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳಿಗೆ ಇನ್ನೂ ಕತ್ತಲೆಯ ಅಂಗಳವಿದೆ. ಅಮಾವಾಸ್ಯೆಯ ಸುತ್ತಿನ ಒಂದು ರಾತ್ರಿ ಮನೆಯ ದೀಪ ಆರಿಸಿ, ತಂದೆತಾಯಿಗಳ ಜೊತೆ ಅಂಗಳದಲ್ಲಿ ನಿಂತು ಉತ್ತರ ದಿಕ್ಕಿಗೆ ಮುಷ್ಟಿ ಹಿಡಿದು ಧ್ರುವನಕ್ಷತ್ರವನ್ನು ಹುಡುಕಿರಿ. ಹೈದರಾಬಾದಿನ ಆ ಬಾಲಕನೂ ತಂದೆಯ ಜೊತೆ ಆಕಾಶ ನೋಡುತ್ತಲೇ ದೊಡ್ಡವನಾದನು.